ಕೋಲಾರದ ಬಾಗಿಲುಗಳನ್ನು ಜೆರಾಕ್ಸ್ ಮಾಡಿದ್ದು

‘ತಲಬಾಗಿಲು’ ಎಂಬ ಜೆರಾಕ್ಸ್ ಪುಸ್ತಿಕೆ ಮಾಡಲು ಹೊರಟಾಗ ನಾವು ಮೊದಲು ಇತ್ಯರ್ಥ ಮಾಡಿಕೊಂಡದ್ದು ಒಂದೇ ಮಾತು: ಇದರಲ್ಲಿ ಯಾರೂ ‘ನಾನು ಯಾರು’ ಎಂದು ಬರೆಯಬಾರದು. ಆ ಪ್ರಶ್ನೆ ಕೇಳಿದ ಕೂಡಲೇ ಜನ ಭಾಷಣಕ್ಕೆ ನಿಲ್ಲುತ್ತಾರೆ. ಊರು, ಜಾತಿ, ಭಾಷೆ, ಕಷ್ಟ, ಹೆಮ್ಮೆ ಎಲ್ಲವೂ ಬರುತ್ತದೆ. ಆದರೆ ಹೆಸರು ಮುಚ್ಚಿಟ್ಟರೆ ಯಾರ ಬರಹ ಯಾರದೆಂದು ತಿಳಿಯುವುದಿಲ್ಲ. ಅದಕ್ಕೆ ಬದಲಾಗಿ, ನಿಮ್ಮ ಮನೆಯ ಬಾಗಿಲಿನ ಚಿತ್ರ ಬರೆದುಕೊಡಿ ಎಂದೆವು. ಫೋಟೊ ಬೇಡ. ಎದುರಿಗೆ ಕೂತು, ನೋಡಿ, ಕೈಯಲ್ಲಿ ಬರೆಯಬೇಕು. ಬಾಗಿಲ ಮೇಲೆ ಏನೇನಿದೆಯೋ ಅಷ್ಟೂ ಚಿತ್ರದಲ್ಲಿರಬೇಕು. ಕೆಳಗೆ ಒಂದೇ ಒಂದು ವಾಕ್ಯ, ಆ ಬಾಗಿಲೊಳಗೆ ಆಡುವ ಮಾತಿನಲ್ಲಿ.

ನಮ್ಮ ಕಡೆ ಬಾಗಿಲು ಖಾಲಿ ಇರುವುದೇ ಇಲ್ಲ. ಒಣಗಿದ ಮಾವಿನ ತೋರಣ, ಅರಿಶಿನ ಹಚ್ಚಿದ ಹೊಸ್ತಿಲು, ಕುದುರೆ ಲಾಳ, ನೇತಾಡುವ ಬೂದುಗುಂಬಳ, 786, ಶಿಲುಬೆ, ಬಾಬಾಸಾಹೇಬರ ಚಿತ್ರ. ಅವುಗಳ ಪಕ್ಕದಲ್ಲೇ ಬೆಸ್ಕಾಂನ ಆರ್‌ಆರ್ ನಂಬರು, ಜನಗಣತಿಯವರು ಬರೆದ ಮನೆ ನಂಬರು, ಪೋಲಿಯೊ ಹನಿ ಹಾಕಲು ಬಂದವರು ಸೀಮೆಸುಣ್ಣದಲ್ಲಿ ಗೀಚಿದ ‘ಪಿ’. ಕೆಲವು ಹಳೆಯ ಮನೆಗಳಲ್ಲಿ ‘ನಾಳೆ ಬಾ’ ಇನ್ನೂ ಮಾಸಿಲ್ಲ. ಸರ್ಕಾರ ನಮ್ಮನ್ನು ಏನೆಂದು ಎಣಿಸಿದೆ, ದೇವರ ಮುಂದೆ ನಾವು ಏನೆಂದು ಹೇಳಿಕೊಂಡಿದ್ದೇವೆ, ಯಾರ ಕಣ್ಣಿಗೆ ಹೆದರಿದ್ದೇವೆ ಎಲ್ಲವೂ ಒಂದೇ ಹಲಗೆಯ ಮೇಲಿರುತ್ತದೆ.

ನಾನು ಕೋಲಾರದಲ್ಲಿ ಡಿಟಿಪಿ ಕೆಲಸ ಮಾಡುವವಳು. ಮದುವೆ ಪತ್ರಿಕೆ, ಶ್ರದ್ಧಾಂಜಲಿ ಬ್ಯಾನರು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ. ಅರ್ಜಿಯ ಕಾಲಂ ಬೇಕೇ ಬೇಕು, ಅದಿಲ್ಲದೆ ಹಾಸ್ಟೆಲ್ ಸೀಟಿಲ್ಲ, ವಿದ್ಯಾರ್ಥಿವೇತನವಿಲ್ಲ. ಆದರೆ ಕಾಲಂ ತುಂಬಿಸುತ್ತಾ ಎದುರಿಗೆ ಕೂತವರು ಆಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಅದರೊಳಗೆ ಹಿಡಿಯುವುದಿಲ್ಲ. ಹಾಗೆ ಹೊರಗುಳಿದ ಮಾತಿಗೊಂದು ಹಾಳೆ ಬೇಕು ಎನ್ನಿಸಿದ್ದೇ ಇದಕ್ಕೆಲ್ಲ ಮೂಲ.

ಹೀಗೆ ಕೈಯಾರೆ ಮಾಡಿ ಹಂಚುವ ಪುಟ್ಟ ಪತ್ರಿಕೆಗೆ ಫ್ಯಾನ್‌ಜೀನ್ ಎನ್ನುವ ಹೆಸರು ಹುಟ್ಟಿದ್ದು 1940ರಲ್ಲಿ, ಅಮೆರಿಕದ ವಿಜ್ಞಾನಕಥೆಗಳ ಅಭಿಮಾನಿಗಳ ನಡುವೆ. 1970ರ ದಶಕದಲ್ಲಿ ಪಂಕ್ ಸಂಗೀತದ ಹುಡುಗರು ಜೆರಾಕ್ಸ್ ಯಂತ್ರ ಹಿಡಿದು ಅದನ್ನು ಬೀದಿಗೆ ತಂದರು. ಪ್ರಕಾಶಕರಿಲ್ಲ, ಜಾಹೀರಾತಿಲ್ಲ, ಮಾಡಿದವರೇ ಹಂಚುವುದು. ಶಾಲೆಯಲ್ಲಿ ಕೈಬರಹದ ಪತ್ರಿಕೆ ತಂದವರಿಗೆ, ದಲಿತ ಚಳವಳಿಯ ಕಾಲದ ಗೋಡೆಬರಹ ಕಂಡ ಕೋಲಾರದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಬಂದ ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಕೆಜಿಎಫ್ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಿಂದ ಬಂದ ಬಾಗಿಲಲ್ಲಿ ಕಂಪನಿ ಬರೆಸಿದ ಕ್ವಾರ್ಟರ್ಸ್ ನಂಬರಿತ್ತು. ಅದರ ಮೇಲೆ ಎರಡು ಸಲ ಬಣ್ಣ ಬಳಿದರೂ ಅಂಚು ಕಾಣುತ್ತಿತ್ತಂತೆ. ಬರೆದಾತ ಆ ಅಂಚನ್ನು ಮಾತ್ರ ಚುಕ್ಕಿ ಚುಕ್ಕಿಯಾಗಿ ತೋರಿಸಿದ್ದ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆತನಿಗೆ ಆಗ ನಡೆಯಲೂ ಬರುತ್ತಿರಲಿಲ್ಲ. ಈಗ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲಲ್ಲಿ ಹೋಗಿಬರುವ ಸಾವಿರಾರು ಜನರಲ್ಲಿ ಒಬ್ಬ. ಕೆಳಗಿನ ವಾಕ್ಯ ತಮಿಳಿನದು, ಲಿಪಿ ಕನ್ನಡದ್ದು: ಬೀಗದ ಕೈ ಯಾರ ಹತ್ತಿರ ಇದೆ ಎಂದು ಮನೆಯವರು ದಿನಾ ಕೇಳಿಕೊಳ್ಳುವ ಮಾತು. ಮಾಲೂರಿನ ಕಡೆಯ ಬಾಡಿಗೆ ಮನೆಯ ಹೆಂಗಸೊಬ್ಬರು, ‘ಬಾಗಿಲ ಮೇಲಿರುವುದೆಲ್ಲ ಓನರದು, ನಮ್ಮದು ಒಳಗಡೆ’ ಎಂದು ಬಾಗಿಲ ಹಿಂಭಾಗ ಬರೆದರು. ಮೊಳೆಗೆ ಸಿಕ್ಕಿಸಿದ ಸ್ಕೂಲ್ ಬ್ಯಾಗು, ಗ್ಯಾಸ್ ಚೀಟಿ, ಹಾಲಿನ ಲೆಕ್ಕದ ಕ್ಯಾಲೆಂಡರ್. ಇದಾದ ಮೇಲೆ ಬೇರೆಯವರಿಗೂ ಹೇಳಿದೆವು: ಒಳಗಡೆ ಬೇಕಾದರೂ ಬರೆಯಿರಿ.

ಒಬ್ಬಳು ತನ್ನ ಮನೆಯ ಬಾಗಿಲು ಬರೆಯುವುದಿಲ್ಲ ಎಂದಳು. ಅವಳು ಬರೆದದ್ದು ತನ್ನ ಅಜ್ಜಿ ಸೆರಗೊಡ್ಡಿ ಹೊರಗೆ ನಿಲ್ಲುತ್ತಿದ್ದ ಊರ ಗೌಡರ ಮನೆಯ ಬಾಗಿಲು. ಅಜ್ಜಿ ಹೇಳಿದಂತೆ, ಜಗುಲಿಯ ಕೆಳಗಿನಿಂದ ಕತ್ತೆತ್ತಿ ನೋಡಿದ ಕೋನದಲ್ಲಿ. ಹಾಗಾಗಿ ಅದರಲ್ಲಿ ಹೊಸ್ತಿಲು ದೊಡ್ಡದಾಗಿಯೂ ದೇವರ ಪಟ ಚಿಕ್ಕದಾಗಿಯೂ ಕಾಣುತ್ತದೆ. ವಾಕ್ಯ ಬರೆಯಲಿಲ್ಲ. ಈ ಚಿತ್ರದ ಪಕ್ಕ ಏನೂ ಹಾಕಬಾರದೆಂದು ನಾನು ಹಟ ಹಿಡಿದೆ. ಎದುರು ಪುಟ ಬಿಳಿಯಾಗಿಯೇ ಹೋಯಿತು. ಕಾಗದ ದಂಡವೆಂದು ಗೆಳೆಯರು ಅಂದರು; ನನಗೆ ಹಾಗೆ ಅನ್ನಿಸಲಿಲ್ಲ.

ಕೋಲಾರ ಆಂಧ್ರಕ್ಕೂ ತಮಿಳುನಾಡಿಗೂ ಅಂಟಿಕೊಂಡ ಜಿಲ್ಲೆ. ನಮ್ಮ ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಇದರಲ್ಲಿ ಯಾವುದನ್ನು ಬಿಟ್ಟರೂ ನಾನು ಅರ್ಧ. ತೆಲುಗನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು ಇಲ್ಲಿ ಮಾಮೂಲು, ಅದು ತೊಡಕಾಗಲಿಲ್ಲ. ಯೋಚನೆಗೆ ಹಚ್ಚಿದ್ದು ಉರ್ದು. ಅದು ಬಲದಿಂದ ಎಡಕ್ಕೆ ಓದುವ ಬರಹ. ಕನ್ನಡದ ಪುಸ್ತಕದ ನಡುವೆ ಅದನ್ನು ತುರುಕಿದರೆ ಓದುವವರು ಪುಟ ಹಿಂದಕ್ಕೆ ತಿರುವಬೇಕಾಗುತ್ತದೆ, ಅವರ ಪುಟಗಳು ಅತಿಥಿಗಳ ಹಾಗೆ ಕೂರುತ್ತವೆ. ಅದಕ್ಕೇ ಎರಡು ಕಡೆಯಿಂದಲೂ ತೆರೆಯುವ ಪುಸ್ತಕ ಮಾಡಿದೆವು. ಕನ್ನಡದವರ ಹಿಂಬದಿಯ ರಕ್ಷಾಪುಟ ಉರ್ದು ಓದುವವರ ಮುಖಪುಟ. ಉರ್ದು ಪುಟಗಳು ಕಡಿಮೆ ಇದ್ದುದರಿಂದ ಎರಡೂ ಕೂಡುವ ಜಾಗ ನಟ್ಟನಡುವೆ ಬರದೆ 16-17ರಲ್ಲಿ ಬಂತು. ಅಲ್ಲಿ ಒಂದೇ ಓಣಿಯ ಎದುರುಬದುರು ಮನೆಗಳ ಎರಡು ಬಾಗಿಲು ಇಟ್ಟೆವು. ಪುಟ ಮಡಿಚುವ ಗೆರೆಯೇ ಓಣಿ. ಈ ಜೋಡಿ ಪುಟ ನನಗೆ ಎಲ್ಲಕ್ಕಿಂತ ಪ್ರೀತಿ.

ಅಚ್ಚಿನ ವಿಚಾರ, ಮಾಡಬೇಕೆನ್ನುವವರಿಗಾಗಿ. ಜೆರಾಕ್ಸ್‌ಗೆ ಕಪ್ಪು ಇಂಕು ಪೆನ್ನೇ ಆಗಬೇಕು. ಪೆನ್ಸಿಲ್ ನೆರಳು ಒಡೆದು ಚುಕ್ಕಿಯಾಗುತ್ತದೆ, ನೀಲಿ ಬಾಲ್‌ಪೆನ್ ಮಂಕಾಗುತ್ತದೆ. ತಿಳಿನೀಲಿ ಬಣ್ಣದ ಪೆನ್ಸಿಲ್ ಯಂತ್ರದ ಕಣ್ಣಿಗೆ ಬೀಳುವುದೇ ಅಪರೂಪ, ಆದ್ದರಿಂದ ಅದರಲ್ಲಿ ಅಂದಾಜು ಗೆರೆ ಹಾಕಿ ಮೇಲೆ ಇಂಕು ಎಳೆದರೆ ಅಳಿಸುವ ಕೆಲಸವಿಲ್ಲ. ಹಾಳೆಯ ಅಂಚಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಯಂತ್ರ ಅಚ್ಚು ಮಾಡುವುದಿಲ್ಲ. ಒಂದು ಸೆಂಟಿಮೀಟರ್ ಬಿಟ್ಟು ಬರೆಯಲು ಹೇಳಿ. ದಿನವೂ ನುಡಿ ತಂತ್ರಾಂಶ, ಯೂನಿಕೋಡ್ ಎಂದು ಒದ್ದಾಡುವ ನಾನು ಇಲ್ಲಿ ಒಂದೂ ಫಾಂಟ್ ಬಳಸಲಿಲ್ಲ. ನಾಲ್ಕು ಭಾಷೆಗೂ ಅವರವರ ಕೈಬರಹ. ತಪ್ಪೊಪ್ಪು ತಿದ್ದಲಿಲ್ಲ.

24 ಪುಟ ಎಂದರೆ ಆರು ಎ4 ಹಾಳೆ, ಅರ್ಧಕ್ಕೆ ಮಡಿಚಿದ್ದು. ಪುಟಗಳ ಸಂಖ್ಯೆ ಯಾವತ್ತೂ ನಾಲ್ಕರಿಂದ ಭಾಗವಾಗಬೇಕು. ಹೊರಗಿನ ಹಾಳೆಯ ಒಂದು ಮಗ್ಗುಲಿಗೆ 24 ಮತ್ತು 1, ಬೆನ್ನಿಗೆ 2 ಮತ್ತು 23. ಮುಂದಿನದಕ್ಕೆ 22 ಮತ್ತು 3, ಬೆನ್ನಿಗೆ 4 ಮತ್ತು 21. ಹೀಗೆ ಹಾಳೆಯ ಮೇಲೆ ಅಕ್ಕಪಕ್ಕ ಬರುವ ಎರಡು ಪುಟ ಕೂಡಿದರೆ 25 ಆಗಲೇಬೇಕು. ಆಗದಿದ್ದರೆ ಜೋಡಣೆ ಎಲ್ಲೋ ಕೆಟ್ಟಿದೆ ಎಂದು ತಿಳಿಯಿರಿ. ಎರಡು ಮಗ್ಗುಲೂ ಒಟ್ಟಿಗೆ ತೆಗೆಯುವಾಗ ಚಿಕ್ಕ ಅಂಚಿನಿಂದ ತಿರುಗುವಂತೆ ಆರಿಸಿಕೊಳ್ಳಬೇಕು, ಇಲ್ಲವಾದರೆ ಹಿಂಬದಿ ತಲೆಕೆಳಗು. ಒಳಗೆ 75 ಜಿಎಸ್‌ಎಂನ ತೆಳು ಹಾಳೆ, ಮುಖಪುಟಕ್ಕೆ ದಪ್ಪ ಹಾಳೆ. ಪಿನ್ ಹೊಡೆಯದೆ ಮೂರು ತೂತು ಮಾಡಿ ಕೆಂಪು ನೂಲಿನಲ್ಲಿ ಹೊಲಿದೆವು. ಒಳಗಿನಿಂದ ನಡುವಿನ ತೂತಿಗೆ ಹೊರಟ ಸೂಜಿ ಮೇಲಿನದಕ್ಕೆ, ಅಲ್ಲಿಂದ ಕೆಳಗಿನದಕ್ಕೆ ಹೋಗಿ ಮತ್ತೆ ನಡುವಿನಿಂದಲೇ ಒಳಕ್ಕೆ ಬಂದರೆ ಅಲ್ಲಿ ಗಂಟು.

ಮುಖಪುಟಕ್ಕೆ ಲೈನೊ ಎಂಬ, ಕೆತ್ತಿ ಅಚ್ಚೊತ್ತುವ ಮೆತ್ತನೆಯ ಹಲಗೆಯಲ್ಲಿ ಬಾಗಿಲ ಚೌಕಟ್ಟು ಮಾತ್ರ ಕೆತ್ತಿದೆ. ಕೆತ್ತಿದ್ದು ಅಚ್ಚಾಗುವಾಗ ಮಗ್ಗುಲು ಬದಲಾಗುವುದರಿಂದ ಹೆಸರಿನ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕು. ಬಣ್ಣ ಕೆಮ್ಮಣ್ಣಿನದು, ಸುಣ್ಣದ ಗೋಡೆಯ ಬುಡಕ್ಕೆ ನಮ್ಮಲ್ಲಿ ಬಳಿಯುತ್ತಾರಲ್ಲ, ಅದು. ಚೌಕಟ್ಟಿನ ನಡುವಿನ ಜಾಗವನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದರಿಂದ ಅಲ್ಲಿ ಮೂರನೇ ಪುಟದ ಬಾಗಿಲು ಕಾಣುತ್ತದೆ. ಉರ್ದು ಕಡೆಯಿಂದ ಹಿಡಿದರೂ ಹಾಗೆಯೇ, ಅಲ್ಲಿ 22ನೆಯದು.

ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಬಹಳ ಮಾತಾಡಿದೆವು. ಬಾಗಿಲ ಚಿತ್ರ ನೋಡಿದರೆ ಮನೆಯವರ ಜಾತಿ ಧರ್ಮ ತಿಳಿಯುತ್ತದೆ. ಬಾಡಿಗೆಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ ‘ನೀವು ಯಾವ ಜನ’ ಎಂದಿರುವಾಗ, ಚಿತ್ರದ ಕೆಳಗೆ ಹೆಸರೂ ಬಡಾವಣೆಯೂ ಇದ್ದರೆ ಅದರ ತೊಂದರೆ ಬರೆದವರಿಗೇ. ಹಾಗಾಗಿ ಹೆಸರು, ಬೀದಿ ಯಾವುದೂ ಬೇಡ ಎಂದು ನಿಯಮ ಮಾಡಿದೆವು. ತಾವಾಗಿ ಕೇಳಿದವರದು ಮಾತ್ರ ಹಾಕುವುದು. ಗೌಡರ ಬಾಗಿಲು ಬರೆದವಳು ಕೇಳಿದಳು. ತನ್ನದಲ್ಲ, ಅಜ್ಜಿಯ ಪೂರ್ತಿ ಹೆಸರು. ಹಾಕಿದೆವು.

ಬೆಲೆ 30 ರೂಪಾಯಿ. ಜೆರಾಕ್ಸ್, ದಪ್ಪ ಹಾಳೆ, ನೂಲಿಗೆ ಸರಿಹೋಯಿತು. ದುಡ್ಡಿಲ್ಲದವರು ತಮ್ಮ ಬಾಗಿಲ ಚಿತ್ರ ಕೊಟ್ಟು ಒಂದು ಪ್ರತಿ ಒಯ್ಯಬಹುದು. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿಗೆ ಬಂದವರ ಕೈಗೆ ಕೊಟ್ಟೆವು, ಕೆಜಿಎಫ್ ರೈಲಿನಲ್ಲಿ ಕೊಟ್ಟೆವು. ಪ್ರತಿ ಮುಗಿದರೆ ಮೂಲ ಹಾಳೆಗಳು ನನ್ನ ಬಳಿಯಿವೆ, ಮತ್ತೆ ತೆಗೆಯಬಹುದು.

ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ಒಬ್ಬರು ಪುಟಗಳನ್ನೆಲ್ಲ ತಿರುವಿ, ‘ಬಾಗಿಲೇ ಇಲ್ಲದವರು ಏನು ಬರೆಯಬೇಕು’ ಎಂದು ಕೇಳಿದರು. ಸುಗ್ಗಿ ಕಾಲದಲ್ಲಿ ಹೊರಗಿನಿಂದ ಬಂದು ಶೆಡ್ಡಿನಲ್ಲಿ, ಟಾರ್ಪಾಲಿನಡಿ ಮಲಗುವವರು ಅವರ ಜೊತೆ ಬಹಳ ಜನ. ಎರಡನೇ ಸಂಚಿಕೆ ಅವರದೇ. ಅದಕ್ಕೆ ಹೊಲಿಗೆ ಬೇಡ: ಒಂದೇ ಎ4 ಹಾಳೆಯನ್ನು ಎಂಟಾಗಿ ಮಡಿಚಿ ನಡುವೆ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಸ್ತಕ ಆಗುತ್ತದೆ, ಜೇಬಿನಲ್ಲೂ ಹಿಡಿಯುತ್ತದೆ. ಮಂಡಿಯಲ್ಲಿ ಹರಾಜು ಮುಗಿದ ಹೊತ್ತಿಗೆ ಪೆನ್ನು ಹಾಳೆ ಹಿಡಿದು ಹೋಗುತ್ತೇವೆ. ತಲೆದಿಂಬಿನ ಕಡೆ ಏನಿಟ್ಟುಕೊಂಡು ಮಲಗುತ್ತೀರಿ, ಅದನ್ನು ಬರೆದುಕೊಡಿ ಎಂದು ಕೇಳುವುದು. ಬರೆದವರ ಕೈಗೆ ಅಂದೇ ರಾತ್ರಿ ಪ್ರತಿ ಸಿಗಬೇಕು, ಏಕೆಂದರೆ ಮಾರನೇ ವಾರ ಅವರು ಯಾವ ಊರಲ್ಲಿರುತ್ತಾರೋ ಅವರಿಗೇ ತಿಳಿದಿರುವುದಿಲ್ಲ.