ಗೆಳೆಯರಿಗೆ ಒಂದು ಕನ್ನಡ ಸಿನಿಮಾ ಸೂಚಿಸುವುದು ಹೇಗೆ

“ತುಂಬಾ ಚೆನ್ನಾಗಿದೆ, ನೋಡಲೇಬೇಕು” ಎಂದು ಹತ್ತು ಸಿನಿಮಾಗಳ ಪಟ್ಟಿಯನ್ನು ಕಳುಹಿಸಿದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನೂ ಯಾರೂ ನೋಡುವುದಿಲ್ಲ. ನಮ್ಮ ಮನಸ್ಸಿನಲ್ಲಿ ಉಳಿದ ಚಿತ್ರ ಇನ್ನೊಬ್ಬರನ್ನೂ ತಲುಪಬೇಕೆಂದಿದ್ದರೆ ಒಬ್ಬರಿಗೆ ಒಮ್ಮೆಗೆ ಒಂದೇ ಚಿತ್ರವನ್ನು, ಅದು ಅವರಿಗೇ ಏಕೆ ಎಂಬ ಕಾರಣದ ಸಮೇತ ಹೇಳಬೇಕು.

ಆ ಕಾರಣವನ್ನು ನೋಡುವವರ ಬದುಕಿನಲ್ಲಿಯೇ ಹುಡುಕಿ. ತಂದೆಯ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಗೆಳತಿಗೆ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯನ್ನು ಸೂಚಿಸುವಾಗ, ನಿವೃತ್ತನಾದ ಬಡ ಸರ್ಕಾರಿ ನೌಕರನೊಬ್ಬ ತನಗೆ ಬರಬೇಕಾದ ಹಣಕ್ಕಾಗಿ ಸುತ್ತುವ ಕಥೆಯಿದು, ಮೂಲ ಕಥೆ ಪೂರ್ಣಚಂದ್ರ ತೇಜಸ್ವಿಯವರದು ಎಂದರೆ ಸಾಕು. ಅದಕ್ಕೆ ಸ್ವರ್ಣ ಕಮಲ ಬಂದಿತ್ತೆಂಬುದನ್ನು ಚಿತ್ರ ನೋಡಿದ ಮೇಲೆ ತಿಳಿಸಬಹುದು. ಪ್ರಶಸ್ತಿ ಎಂಬ ಮಾತು ಕಿವಿಗೆ ಬಿದ್ದೊಡನೆ ‘ಆರ್ಟ್ ಫಿಲ್ಮ್’ ಎಂದು ದೂರ ಸರಿದವರನ್ನು ನಾನು ಬಹಳ ಕಂಡಿದ್ದೇನೆ. ಬಿಗಿಯಾದ ಕಥೆಯನ್ನು ಬಯಸುವವರಿಗೆ ಶಂಕರ್ ನಾಗ್ ಅವರ 1985ರ ‘ಆಕ್ಸಿಡೆಂಟ್’ ಒಳ್ಳೆಯ ಮೊದಲ ಹೆಜ್ಜೆ.

ಚಿತ್ರದ ನಡಿಗೆಯನ್ನು ಮುಚ್ಚಿಡಬಾರದು. ರಾಮ್ ರೆಡ್ಡಿ ಅವರ ‘ತಿಥಿ’ಯನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಊರಿನಲ್ಲಿ, ಹಿಂದೆಂದೂ ಕ್ಯಾಮೆರಾ ಎದುರಿಸದ ಜನರನ್ನೇ ಮುಖ್ಯ ಪಾತ್ರಗಳಲ್ಲಿಟ್ಟು ಮಾಡಿದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಎಂಬುದಷ್ಟೇ ಕಥೆಯ ಹೊರರೂಪ. ಮೊದಲ ಅರ್ಧ ಗಂಟೆ ಏನೂ ಆಗುತ್ತಿಲ್ಲವೆಂದು ಅನ್ನಿಸಬಹುದು, ಆ ಊರಿನ ಮಾತಿಗೆ ಕಿವಿ ಹೊಂದಿಕೊಳ್ಳುವವರೆಗೆ ತಾಳ್ಮೆಯಿರಲಿ, ಫೋನನ್ನು ಬದಿಗಿಟ್ಟು ನೋಡಿ ಎಂದು ಮೊದಲೇ ಹೇಳಿದರೆ ನೋಡುವವರು ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಕನ್ನಡ ಬಾರದ ಗೆಳೆಯರಿಗೆ ಸಬ್‌ಟೈಟಲ್ ಕಥೆಯನ್ನು ದಾಟಿಸುತ್ತದೆ, ಆದರೆ ಮಂಡ್ಯದ ಮಾತಿನ ಸೊಗಸು ಅದರಲ್ಲಿ ಉಳಿಯುವುದಿಲ್ಲ. ಸಾಧ್ಯವಾದರೆ ಅವರ ಪಕ್ಕದಲ್ಲಿ ಕುಳಿತು ನೋಡಿ.

ಕಥೆಯನ್ನು ಎಷ್ಟು ಹೇಳಬೇಕು ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, 1977ರ ‘ಘಟಶ್ರಾದ್ಧ’ದಲ್ಲಿ ಎಲ್ಲವನ್ನೂ ನಾವು ವೇದಪಾಠಕ್ಕೆ ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ ಕಾಣುತ್ತೇವೆ. ಅಲ್ಲಿನ ವಿಧವೆ ಯಮುನಕ್ಕನಿಗೆ ಒದಗುವುದು ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಚಿತ್ರದ ಸಂಕಟವೆಲ್ಲ ಆ ಅರೆ ತಿಳಿವಳಿಕೆಯಲ್ಲಿದೆ. ಆದ್ದರಿಂದ “ಒಬ್ಬ ಹುಡುಗ, ಅವನನ್ನು ಅಕ್ಕರೆಯಿಂದ ಕಾಣುವ ಒಬ್ಬ ವಿಧವೆ, ಒಂದು ಅಗ್ರಹಾರ” ಎಂಬಲ್ಲಿಗೆ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚು ಹೇಳಿದರೆ ನಾಣಿಗಿಂತ ಮುಂಚೆಯೇ ನೋಡುವವರಿಗೆ ಎಲ್ಲವೂ ತಿಳಿದುಬಿಡುತ್ತದೆ, ಮತ್ತು ಅದು ಅವರಿಗೆ ನಾವು ಮಾಡುವ ದೊಡ್ಡ ಅನ್ಯಾಯ.

ಹಳೆಯ ಚಿತ್ರವಾದರೆ ಯಾವ ಪ್ರತಿ ಸಿಗುತ್ತದೆ ಎಂಬುದನ್ನು ನೀವೇ ಮೊದಲು ನೋಡಿಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಹಲವು ಪ್ರತಿಗಳು ಮಸುಕಾಗಿವೆ, ಧ್ವನಿ ಒಡೆದಿದೆ. ಕಪ್ಪು ಬಿಳುಪಿನ ‘ಘಟಶ್ರಾದ್ಧ’ವನ್ನು ಅಂಥ ಪ್ರತಿಯಲ್ಲಿ ನೋಡಿದರೆ ಮಲೆನಾಡಿನ ಕತ್ತಲೆಯೇ ಕಾಣೆಯಾಗುತ್ತದೆ. ಆ ಚಿತ್ರವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರತಿಯ ಪ್ರದರ್ಶನ ನಿಮ್ಮ ಊರಿನಲ್ಲಿ ನಡೆದರೆ ಗೆಳೆಯರನ್ನು ಕೈಹಿಡಿದು ಕರೆದೊಯ್ಯಿರಿ.

ಚಿತ್ರ ನೋಡಿದವರನ್ನು “ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಉತ್ತರದಲ್ಲಿ ಮಾತು ಮುಗಿಯುತ್ತದೆ. “ಯಾವ ದೃಶ್ಯ ನೆನಪಿನಲ್ಲಿ ಉಳಿಯಿತು?” ಎಂದು ಕೇಳಿ, ಮುಂದಿನ ಚಿತ್ರವನ್ನು ಆ ಉತ್ತರದಿಂದಲೇ ಆರಿಸಿ. ‘ತಿಥಿ’ ನೋಡಿದವರು ಜಮೀನಿನ ಸುತ್ತ ನಡೆಯುವ ಓಡಾಟವನ್ನೇ ಮತ್ತೆ ಮತ್ತೆ ನೆನೆದರೆ, ಹಳ್ಳಿಯೊಂದರ ಹಗೆತನವನ್ನು ಕುರಿತ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಚಿತ್ರಕ್ಕೆ ಅವರು ಸಿದ್ಧರಾಗಿದ್ದಾರೆ.