ಕಾಡಂಚಿನ ಮನೆಗೆ ಬೆಂಕಿಯಿಂದ ರಕ್ಷಣೆ: ಕೊಡಗಿನವರು ಬೇಸಿಗೆಗೆ ಮುನ್ನ ಮಾಡಬೇಕಾದದ್ದು

ಹುತ್ತರಿ ಸುಗ್ಗಿಹಬ್ಬ ಕಳೆದು ಗದ್ದೆಯ ಕೂಳೆ ಒಣಗಿ, ಬಾಣೆಯ (ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗದ) ಹುಲ್ಲು ಹೊಂಬಣ್ಣಕ್ಕೆ ತಿರುಗಿದ ಮೇಲೆ, ನಾಗರಹೊಳೆಯ ಅಂಚಿನ ತಿತಿಮತಿಯಿಂದ ಬ್ರಹ್ಮಗಿರಿಯ ತಪ್ಪಲಿನವರೆಗೆ ಕಾಡಿನ ಪಕ್ಕದಲ್ಲಿ ಮನೆಯಿರುವ ಯಾರಿಗೂ ಏಪ್ರಿಲ್ ಮುಗಿಯುವವರೆಗೆ ನಿಶ್ಚಿಂತೆಯಿಲ್ಲ. ಕಾಡ್ಗಿಚ್ಚಿನಲ್ಲಿ ಬಹಳಷ್ಟು ಮನೆಗಳು ಹೊತ್ತಿಕೊಳ್ಳುವುದು ಗಾಳಿಯಲ್ಲಿ ತೇಲಿಬಂದ ಕೆಂಡದ ಚೂರುಗಳಿಂದ. ಬೆಂಕಿಯ ಸಾಲು ಇನ್ನೂ ಎದುರಿನ ಗುಡ್ಡದಲ್ಲಿರುವಾಗಲೇ ಒಂದು ಕಿಡಿ ಸೂರಿನ ತರಗೆಲೆಯ ಮೇಲೆ ಬಿದ್ದಿರಬಹುದು.

ಆದ್ದರಿಂದ ಕೆಲಸ ಚಾವಣಿಯಿಂದ ಆರಂಭವಾಗಲಿ. ಮಂಗಳೂರು ಹೆಂಚು ಸುಡುವುದಿಲ್ಲ. ಅದನ್ನು ಹೊತ್ತಿರುವ ಮರದ ರೀಪು, ಪಕಾಸುಗಳು ಸುಡುತ್ತವೆ. ಒಡೆದ ಹೆಂಚನ್ನು ಬದಲಿಸಿ, ಸೂರಿನ ನೀರುದೋಣಿಯಲ್ಲಿ ತುಂಬಿದ ಸಿಲ್ವರ್ ಓಕ್ ಎಲೆಗಳನ್ನು ಬೇಸಿಗೆಯುದ್ದಕ್ಕೂ ವಾರಕ್ಕೊಮ್ಮೆ ತೆಗೆಯಬೇಕು. ಅಟ್ಟದ ಗಾಳಿಕಿಂಡಿಗಳಿಗೆ 3 ಮಿ.ಮೀ. ಮೀರದ ಕಣ್ಣಿನ ಲೋಹದ ಜಾಲರಿ ಹಾಕಿಸಿ. ಪ್ಲಾಸ್ಟಿಕ್ ಸೊಳ್ಳೆಪರದೆ ಕರಗಿ ಕಿಡಿಗೆ ದಾರಿ ಬಿಡುತ್ತದೆ.

ಗೋಡೆಯಿಂದ 5 ಅಡಿಯೊಳಗೆ ಸುಡುವ ಯಾವ ವಸ್ತುವೂ ಇರಬಾರದು. ಸೌದೆ ರಾಶಿ, ಗೋಣಿಚೀಲ, ಕಾಫಿ ಸಿಪ್ಪೆ, ಮಳೆಗಾಲದಲ್ಲಿ ಕಟ್ಟಿ ಹಾಗೆಯೇ ಬಿಟ್ಟ ಟಾರ್ಪಾಲು, ಇವೆಲ್ಲವೂ ದೂರ ಹೋಗಬೇಕು. ಅಲ್ಲಿಂದ ಸುಮಾರು 100 ಅಡಿಯವರೆಗೆ ಲಂಟಾನಾ ಪೊದೆಗಳನ್ನು ಕಡಿದು, ಒಣಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಮರಗಳ ಕೆಳಗೊಂಬೆಗಳನ್ನು ಸವರಬೇಕು. ಬೆಂಕಿ ಏರುಮುಖವಾಗಿ ವೇಗ ಪಡೆಯುವುದರಿಂದ ಮನೆಯ ಕೆಳಗಿನ ಇಳಿಜಾರಿಗೆ ಹೆಚ್ಚು ಗಮನ ಬೇಕು. ಹಾಗೆಂದು ಅಲ್ಲಿ ಮಣ್ಣನ್ನು ಕೆರೆದು ಬೋಳು ಮಾಡುವುದು ದೊಡ್ಡ ತಪ್ಪು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಜಿಲ್ಲೆ ನಮ್ಮದು. ಬೇರು ನೆಲದಲ್ಲೇ ಉಳಿಯಬೇಕು, ಮೇಲಿನ ಒಣಭಾಗ ಮಾತ್ರ ಹೋಗಬೇಕು. ಇಡೀ ಮರವನ್ನೇ ಕಡಿಯಬೇಕೆನಿಸಿದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯನ್ನೂ, ಬಾಣೆ ಜಾಗವಾದರೆ ಮರದ ಹಕ್ಕು ಯಾರದೆಂಬುದನ್ನೂ ಮೊದಲು ವಿಚಾರಿಸಿಕೊಳ್ಳಿ.

ಕಾಫಿ ಒಣಗಿಸುವ ಸಿಮೆಂಟಿನ ಕಣ ಮನೆಯ ಇಳಿಜಾರಿನ ಬದಿಗಿದ್ದರೆ ಬೆಂಕಿಗೆ ಅದೇ ಒಳ್ಳೆಯ ತಡೆ. ರೋಬಸ್ಟಾ ಕಾಫಿಯ ಹೂವಿಗಾಗಿ ಸ್ಪ್ರಿಂಕ್ಲರ್ ಹಾಯಿಸುವ ಕಾಲವೂ ಬೆಂಕಿಯ ಕಾಲವೂ ಒಂದೇ ಆಗಿರುವುದು ನಮ್ಮ ಅದೃಷ್ಟ: ಪೈಪು, ಎಂಜಿನ್ ಎರಡೂ ತೋಟದಲ್ಲೇ ಇರುತ್ತವೆ. ಮನೆಯ ಹತ್ತಿರ ಆ ಪೈಪಿಗೆ ಒಂದು ವಾಲ್ವ್ ಹಾಕಿಸಿಡಿ. ಅಗತ್ಯದ ಹೊತ್ತಿಗೆ ವಿದ್ಯುತ್ ಇರುತ್ತದೆಂದು ನಂಬದೆ ಡೀಸೆಲ್ ಎಂಜಿನ್ನನ್ನು ಸಜ್ಜಾಗಿರಿಸಿ.

ಇನ್ನು ಕಟ್ಟಡ ನಿಯಮಗಳ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 2008ರಿಂದ ಕಾಡ್ಗಿಚ್ಚಿನ ಅಪಾಯವಿರುವ ಪ್ರದೇಶದ ಹೊಸ ಮನೆಗಳ ಚಾವಣಿ, ಗಾಳಿಕಿಂಡಿ, ಹೊರಗೋಡೆಗಳಿಗೆ ಪ್ರತ್ಯೇಕ ನಿಯಮಗಳಿವೆ. ಆಸ್ಟ್ರೇಲಿಯಾದಲ್ಲೂ ಅಂಥ ಮಾನದಂಡವಿದೆ. ನಮ್ಮಲ್ಲಿ ಗ್ರಾಮೀಣ ಮನೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ನಿಯಮ ಮುಖ್ಯವಾಗಿ ಎತ್ತರದ ಕಟ್ಟಡಗಳನ್ನು ಕುರಿತದ್ದಾದ್ದರಿಂದ ಕಾಡಂಚಿನ ಒಂದಂತಸ್ತಿನ ಹೆಂಚಿನ ಮನೆಯನ್ನು ಅದು ಮುಟ್ಟುವುದಿಲ್ಲ. ಈ ಕೊರತೆಯನ್ನು ಮನೆ ಕಟ್ಟುವವರೇ ತುಂಬಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಕ್ಷೆ ಬರೆಸುವಾಗಲೇ ಕಾಡಿನ ಕಡೆಗೆ ಹೆಚ್ಚು ತೆರಪು, ಲೋಹದ ಜಾಲರಿ, ಅಗ್ನಿಶಾಮಕ ವಾಹನ ತಿರುಗುವಷ್ಟು ಅಗಲದ ದಾರಿ, ಇವನ್ನು ಸೇರಿಸಿ. ಹೋಂಸ್ಟೇ ಕಟ್ಟುವವರಿಗಂತೂ ಇದು ಅತಿಥಿಗಳ ಜೀವದ ಪ್ರಶ್ನೆ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಮಂಡಿಸಿ, ಅರಣ್ಯ ಇಲಾಖೆಯ ಬೆಂಕಿ ರೇಖೆ (ಬೆಂಕಿ ಹರಡದಂತೆ ಹುಲ್ಲು, ಪೊದೆ ತೆಗೆದ ಪಟ್ಟಿ) ನಿಮ್ಮ ಗಡಿಯಲ್ಲಿ ತೆರವಾಗಿದೆಯೇ ಎಂದು ಡಿಸೆಂಬರ್‌ನಲ್ಲೇ ಕೇಳಿ.

ಹೊಗೆ ಕಂಡಾಗ, ಬರುವ ಬೆಂಕಿಯನ್ನು ತಡೆಯಲೆಂದು ನೀವೇ ಎದುರುಬೆಂಕಿ ಹಚ್ಚುವ ಸಾಹಸ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿಯಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. 101 ಅಥವಾ 112ಕ್ಕೆ ಕರೆ ಮಾಡಿ. ಮೇಲೆ ಹೇಳಿದ ಪ್ರತಿಯೊಂದು ಕೆಲಸವೂ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ಅಷ್ಟೇ ಅನ್ವಯಿಸುತ್ತದೆ: ಅವುಗಳ ಹಿಂದಿನ ಸೌದೆಯನ್ನೂ ಸರಿಸಿ, ವಾಲ್ವ್ ಎಲ್ಲಿದೆ, ಎಂಜಿನ್ ಹೇಗೆ ಚಾಲೂ ಮಾಡಬೇಕು ಎಂಬುದನ್ನು ಅಲ್ಲಿರುವವರಿಗೆ ಜನವರಿಯಲ್ಲೇ ಒಮ್ಮೆ ಮಾಡಿಸಿ ತೋರಿಸಿ.