ಹಳೆಯ ಕೋವಿ ಕೊಳ್ಳಲು ಎಷ್ಟು ವಯಸ್ಸಾಗಿರಬೇಕು? ಕಾನೂನಿನ ಲೆಕ್ಕ ಹಾಕುವುದು ಹೀಗೆ

ಮಲೆನಾಡಿನ ತೊಟ್ಟಿಮನೆಯ ಅಟ್ಟದಲ್ಲೋ ಹಳೆಯ ಸಾಮಾನು ಮಾರುವ ಅಂಗಡಿಯ ಮೂಲೆಯಲ್ಲೋ ಮುತ್ತಜ್ಜನ ಕಾಲದ ಕೋವಿಯೊಂದು ಕಣ್ಣಿಗೆ ಬಿದ್ದಾಗ, ಅದನ್ನು ಕೊಂಡು ಗೋಡೆಗೆ ತೂಗುಹಾಕಬೇಕೆಂಬ ಆಸೆ ಹುಟ್ಟುವುದು ಸಹಜ. ಅಂಥ ಸಮಯದಲ್ಲಿ ಸಿಗುವ ಬಿಟ್ಟಿ ಸಲಹೆಯೂ ಹೆಚ್ಚುಕಡಿಮೆ ಒಂದೇ: ‘ನೂರು ವರ್ಷ ದಾಟಿದ ಕೋವಿಗೆ ಲೈಸೆನ್ಸ್ ಬೇಡ, ನಿಮಗೆ ಹದಿನೆಂಟು ತುಂಬಿದ್ದರೆ ಸಾಕು.’ ಈ ಮಾತಿನ ಎರಡು ಭಾಗಗಳೂ ಅರೆಸತ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಕೋವಿಗೆ ಎಷ್ಟು ವರ್ಷವಾಯಿತು ಎಂಬುದಕ್ಕಿಂತ ಅದು ಸಿಡಿಯಬಲ್ಲದೇ ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ. ಕೊಳ್ಳುವವರ ವಯಸ್ಸು ಎಷ್ಟಿರಬೇಕೆಂಬುದು ಆ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಮೊದಲು ಕೋವಿಯ ಸ್ಥಿತಿಯನ್ನು ತೀರ್ಮಾನಿಸಿಕೊಳ್ಳಿ

ಕಾಯ್ದೆಯ ಸೆಕ್ಷನ್ 45(ಸಿ) ಹಳೆಯ ಆಯುಧಗಳಿಗೆ ಒಂದು ವಿನಾಯಿತಿ ಕೊಡುತ್ತದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ, ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇಲ್ಲಿ ತೂಕವಿರುವುದು ‘ದುರಸ್ತಿ ಮಾಡಿದರೂ’ ಎಂಬ ಷರತ್ತಿಗೆ. ತುಕ್ಕು ಹಿಡಿದ ನಳಿಕೆಯನ್ನು ಎಣ್ಣೆ ಹಾಕಿ ಉಜ್ಜಿ, ಮುರಿದ ಕುದುರೆಯನ್ನು (ಈಡು ಸಿಡಿಸುವ ಕೊಕ್ಕೆಯನ್ನು) ಕಮ್ಮಾರನಿಂದ ಸರಿಪಡಿಸಿ ಈಡು ಹೊಡೆಯಬಹುದಾದರೆ, ಆ ಕೋವಿ ಟಿಪ್ಪುವಿನ ಕಾಲದ್ದಾದರೂ ಕಾನೂನಿನ ಮಟ್ಟಿಗೆ ಬಂದೂಕೇ. ನಳಿಕೆಯನ್ನು ಕಬ್ಬಿಣ ಸುರಿದು ಮುಚ್ಚಿರುವ, ಒಳಭಾಗವೇ ಇಲ್ಲದ, ಮತ್ತೆಂದೂ ಜೀವ ಬಾರದ ಆಯುಧ ಮಾತ್ರ ಈ ವಿನಾಯಿತಿಯ ಒಳಗೆ ಬರುತ್ತದೆ.

ಇದನ್ನು ಮಾರುವವರ ಬಾಯಿಮಾತಿನ ಮೇಲೆ ತೀರ್ಮಾನಿಸಬಾರದು. ಪರೀಕ್ಷೆಗೆಂದು ತಾವೇ ಮದ್ದು ತುಂಬಿ ನೋಡುವುದಂತೂ ಅಪರಾಧವೂ ಹೌದು, ಅಪಾಯವೂ ಹೌದು. ವಿವಾದ ಎದ್ದಾಗ ಆಯುಧವು ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಮುಂದೆ ಹೋಗುತ್ತದೆ, ಅವರ ವರದಿ ಬರುವವರೆಗೆ ಅದನ್ನು ಇಟ್ಟುಕೊಂಡವರು ಠಾಣೆ ಮತ್ತು ನ್ಯಾಯಾಲಯಗಳ ನಡುವೆ ಅಲೆಯಬೇಕಾಗುತ್ತದೆ. ಆದ್ದರಿಂದ ಹಣ ಕೊಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಗೆ, ಬೆಂಗಳೂರಿನಂಥ ನಗರದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ, ಆಯುಧದ ಚಿತ್ರ ಮತ್ತು ವಿವರಗಳೊಂದಿಗೆ ಲಿಖಿತವಾಗಿ ಬರೆದು, ಉತ್ತರವನ್ನೂ ಲಿಖಿತವಾಗಿಯೇ ಪಡೆಯುವುದು ಒಳ್ಳೆಯದು.

ಅಂತರ್ಜಾಲದಲ್ಲಿ ಹುಡುಕುವವರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳನ್ನು ಪುರಾತನವೆಂದು ಬೇರೆ ಇಡಲಾಗಿದೆ. ಬ್ರಿಟನ್ನಿನಲ್ಲಿ 2021ರ ನಿಯಮಗಳು 1939ರ ಸೆಪ್ಟೆಂಬರ್ 1ಕ್ಕೆ ಮೊದಲಿನವನ್ನು ಇತರ ಷರತ್ತುಗಳೊಂದಿಗೆ ಹಾಗೆ ಪರಿಗಣಿಸುತ್ತವೆ. ನಮ್ಮ ಸೆಕ್ಷನ್ 45(ಸಿ)ಯಲ್ಲಿ ಇಂಥ ಇಸವಿಯ ಗೆರೆಯೇ ಇಲ್ಲ. ಆ ದೇಶಗಳಲ್ಲಿ ಸಂಗ್ರಾಹಕರ ಆಟಿಕೆಯೆನಿಸಿದ, ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ನಮ್ಮ ಕಾಯ್ದೆ ಬೆಳೆ ರಕ್ಷಣೆಯ ಪರವಾನಗಿಗೆ ತಕ್ಕ ಆಯುಧವೆಂದು ಸೆಕ್ಷನ್ 13ರಲ್ಲಿ ಹೆಸರಿಸಿಯೇ ಹೇಳಿದೆ. ವಿದೇಶಿ ಜಾಲತಾಣದ ಉತ್ತರವನ್ನು ತೀರ್ಥಹಳ್ಳಿಯ ಕೋವಿಗೆ ಅನ್ವಯಿಸಿಕೊಂಡರೆ ಫಜೀತಿ ತಪ್ಪಿದ್ದಲ್ಲ.

ನಂತರ ನಿಮ್ಮ ವಯಸ್ಸನ್ನು ನೋಡಿ

ಕೋವಿ ಸಿಡಿಯಬಲ್ಲದ್ದಾದರೆ, ಅಥವಾ ದುರಸ್ತಿಯಿಂದ ಹಾಗಾಗಬಲ್ಲದ್ದಾದರೆ, ಸೆಕ್ಷನ್ 9ರ ಪ್ರಕಾರ ಕೊಳ್ಳುವವರಿಗೆ 21 ವರ್ಷ ಪೂರ್ಣವಾಗಿರಬೇಕು. 21ನೇ ವರ್ಷ ನಡೆಯುತ್ತಿದ್ದರೆ ಸಾಲದು, ಅದು ಮುಗಿದಿರಬೇಕು. ಮೊದಲು ಈ ಮಿತಿ 16 ಇತ್ತು. 1983ರ ತಿದ್ದುಪಡಿ ಅದನ್ನು ಏರಿಸಿತು. ನಿಷೇಧ ಕೊಳ್ಳುವುದಕ್ಕೆ ಮಾತ್ರ ಸೀಮಿತವಲ್ಲ, ಇಟ್ಟುಕೊಳ್ಳುವುದಕ್ಕೂ ಹೊತ್ತು ತಿರುಗುವುದಕ್ಕೂ ಅನ್ವಯಿಸುತ್ತದೆ. ಹಾಗಾಗಿ ಹತ್ತೊಂಬತ್ತರ ಮೊಮ್ಮಗನಿಗೆ ಅಜ್ಜ ಉಡುಗೊರೆಯಾಗಿ ಕೊಟ್ಟರೂ ಅದು ಕಾನೂನುಬಾಹಿರವೇ. ವಯಸ್ಸಾಗದವರಿಗೆ ಮಾರುವುದನ್ನೂ ವರ್ಗಾಯಿಸುವುದನ್ನೂ ಅದೇ ಸೆಕ್ಷನ್ ನಿಷೇಧಿಸುವುದರಿಂದ ಮಾರುವವರು ಕೊಳ್ಳುವವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೋ ಜನನ ಪ್ರಮಾಣಪತ್ರವನ್ನೋ ಕೇಳಿ ನೋಡುವುದು ಅವರ ಹಿತಕ್ಕೇ ಒಳ್ಳೆಯದು. ತರಬೇತಿಯ ವೇಳೆ ನಿಗದಿತ ಷರತ್ತುಗಳಡಿ ಕಿರಿಯರು ಬಂದೂಕು ಬಳಸಲು ಅವಕಾಶವಿದೆ, ಆದರೆ ಅದು ಬಳಕೆಯ ಅವಕಾಶ, ಖರೀದಿಯದ್ದಲ್ಲ.

ವಯಸ್ಸು ತುಂಬಿದ ಮಾತ್ರಕ್ಕೆ ದಾರಿ ಸುಗಮವೆಂದು ತಿಳಿಯಬಾರದು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಜೈಲುಶಿಕ್ಷೆಗೆ ಗುರಿಯಾದವರಿಗೆ ಶಿಕ್ಷೆ ಮುಗಿದ ನಂತರವೂ ಐದು ವರ್ಷ ಇದೇ ನಿಷೇಧವಿರುತ್ತದೆ. ಶಾಂತಿಪಾಲನೆ ಅಥವಾ ಸನ್ನಡತೆಗೆ ಮುಚ್ಚಳಿಕೆ ಬರೆದುಕೊಟ್ಟವರಿಗೂ ಅದರ ಅವಧಿ ಮುಗಿಯುವವರೆಗೆ ಅಡ್ಡಿಯುಂಟು.

ಇನ್ನು, ಸಂಪೂರ್ಣ ನಿರ್ಜೀವವಾದ, 45(ಸಿ)ಯ ಒಳಗೆ ಬರುವ ಆಯುಧದ ವಿಷಯಕ್ಕೆ ಬಂದರೆ, ಅದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 21ರ ಮಿತಿ ತಾಗುವುದಿಲ್ಲ. ಅದರ ಖರೀದಿ ಬೇರೆ ಯಾವುದೇ ವಸ್ತುವಿನ ಖರೀದಿಯಂತೆ ಒಂದು ಕರಾರಷ್ಟೆ. ಕರಾರು ಕಾಯ್ದೆಯ ಪ್ರಕಾರ ಅದಕ್ಕೆ ಪ್ರಾಪ್ತ ವಯಸ್ಸು, ಅಂದರೆ 18 ತುಂಬಿರಬೇಕು. ಹದಿನೆಂಟರ ಮಾತು ಸತ್ಯವಾಗುವುದು ಇಲ್ಲಿ ಮಾತ್ರ.

ಇವೆರಡರ ನಡುವೆ ‘ಕ್ಯೂರಿಯೊ’, ಅಂದರೆ ಅಪರೂಪದ ಸಂಗ್ರಹವಸ್ತು, ಎಂಬ ವರ್ಗವೊಂದಿದೆ. 2020ರಲ್ಲಿ ಗೃಹ ಸಚಿವಾಲಯವು ಶಸ್ತ್ರಾಸ್ತ್ರ ನಿಯಮಗಳಿಗೆ ತಂದ ಬದಲಾವಣೆಯಂತೆ ಈ ವರ್ಗದ ಸಣ್ಣ ಆಯುಧಗಳನ್ನು ಕೊಂಡು ಇಟ್ಟುಕೊಳ್ಳಲು ಭಾರತೀಯ ನಾಗರಿಕರಿಗೆ ಪರವಾನಗಿ ಬೇಡ. ಬಳಸಲು, ಹೊತ್ತೊಯ್ಯಲು ಅಥವಾ ಸಾಗಿಸಲು ಬೇಕು. ಮಾಲೀಕರ ಪರವಾನಗಿಯಲ್ಲಿ ಆ ಆಯುಧ ನಮೂದಾಗದಿದ್ದರೆ ಅದಕ್ಕೆ ತೋಟಾ ಮಾರುವಂತಿಲ್ಲ. ಆದರೆ ಪರವಾನಗಿಯ ರಿಯಾಯಿತಿ ಬೇರೆ, ವಯಸ್ಸಿನ ನಿಷೇಧ ಬೇರೆ. ಸೆಕ್ಷನ್ 9 ಇದ್ದಲ್ಲೇ ಇರುವುದರಿಂದ ಕ್ಯೂರಿಯೊ ಕೊಳ್ಳುವವರೂ 21 ತುಂಬುವವರೆಗೆ ಕಾಯಬೇಕೆಂದೇ ನಾನು ಹೇಳುತ್ತೇನೆ. ಕೊಂಡ ಮೇಲೆ ಅದನ್ನು ಮನೆಗೆ ತರುವುದೂ ಸಾಗಣೆಯೇ ಎಂಬುದನ್ನು ಮರೆಯಬಾರದು.

ಪರವಾನಗಿ ಮತ್ತು ಖರೀದಿ

ಸಿಡಿಯಬಲ್ಲ ಕೋವಿಗೆ 2016ರ ನಿಯಮಗಳ ಎ-1 ನಮೂನೆಯಲ್ಲಿ ಅರ್ಜಿ ಹಾಕಬೇಕು. ವಯಸ್ಸು, ಗುರುತು ಮತ್ತು ವಾಸದ ದಾಖಲೆಗಳು, ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿಡುವ ಬಗ್ಗೆ ಮುಚ್ಚಳಿಕೆ ಇವೆಲ್ಲ ಜೊತೆಗಿರಬೇಕು. ಠಾಣೆಯ ವರದಿ ಬಂದ ಮೇಲೆ ತೀರ್ಮಾನವಾಗುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರೊಳಗೇ ಸೇರುತ್ತದೆ. ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಕನಿಷ್ಠ ಎರಡರಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ.

ವ್ಯಾಪಾರಿಯಲ್ಲದ ಒಬ್ಬ ಪರವಾನಗಿದಾರರಿಂದ ಕೊಳ್ಳುವುದಾದರೆ, ಅವರು ಮಾರುವ ಉದ್ದೇಶವನ್ನೂ ನಿಮ್ಮ ಹೆಸರು, ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು. ಅಲ್ಲಿಂದ 45 ದಿನ ಕಳೆಯದೆ ಕೋವಿ ಕೈ ಬದಲಾಗಬಾರದು. ಮುಂಗಡ ಕೊಡುವವರು ಈ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಮಾತಾಡಬೇಕು.

ವಾರಸುದಾರರಿಗೆ 21 ಆಗಿರದಿದ್ದರೆ

ನಮ್ಮಲ್ಲಿ ಹಳೆಯ ಕೋವಿಗಳು ಮಾರಾಟಕ್ಕಿಂತ ಹೆಚ್ಚಾಗಿ ವಾರಸಿನಿಂದಲೇ ಕೈ ಬದಲಿಸುವುದರಿಂದ ಹೆಚ್ಚು ಗೊಂದಲವಿರುವುದೂ ಇಲ್ಲೇ. ಜಮೀನಿನ ಪೌತಿ ಖಾತೆಯಂತೆ ಕೋವಿಯೂ ತಾನಾಗಿ ಮಕ್ಕಳಿಗೆ ಬರುತ್ತದೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಪರವಾನಗಿದಾರರು ತೀರಿಕೊಂಡ ಕ್ಷಣದಿಂದ ಮನೆಯಲ್ಲಿರುವ ಕೋವಿಗೆ ಕಾನೂನಿನ ರಕ್ಷಣೆ ತಪ್ಪುತ್ತದೆ. ಸೆಕ್ಷನ್ 21ರಂತೆ ಅದನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಶೀದಿ ಪಡೆಯಬೇಕು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರೂಢಿಯಿರುವ ಮಲೆನಾಡಿನ ಮನೆಗಳಿಗೆ ಇದು ಹೊಸದೇನಲ್ಲ, ಆದರೂ ಸಾವಿನ ಮನೆಯಲ್ಲಿ ಇದು ನೆನಪಿಗೆ ಬರುವುದು ಅಪರೂಪ.

ವಾರಸುದಾರರಿಗೆ 21 ತುಂಬಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ತುಂಬಿರದಿದ್ದರೆ ಎರಡು ದಾರಿಗಳಿವೆ. ಅರ್ಹತೆಯುಳ್ಳ ತಾಯಿ, ಚಿಕ್ಕಪ್ಪ ಅಥವಾ ಅಕ್ಕ ತಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದು ಒಂದು. ಇಲ್ಲವೇ ಕೋವಿಯನ್ನು ಠೇವಣಿಯಲ್ಲಿಟ್ಟು ಕಾಯುವುದು. ಎರಡನೆಯದರಲ್ಲಿ ಒಂದು ಅಪಾಯವುಂಟು: ನಿಗದಿತ ಅವಧಿಯೊಳಗೆ ಹಿಂಪಡೆಯದ ಅಥವಾ ಮಾರಿ ವಿಲೇವಾರಿ ಮಾಡದ ಆಯುಧ ಸರ್ಕಾರದ ಪಾಲಾಗಬಹುದು. ಹದಿನೈದರ ಹುಡುಗ ಆರು ವರ್ಷ ಕಾಯುತ್ತೇನೆಂದರೆ ಅದು ನಂಬಿಕೊಳ್ಳಬಹುದಾದ ಯೋಜನೆಯಲ್ಲ. ನನ್ನ ಅಭಿಪ್ರಾಯದಲ್ಲಿ ಹಿರಿಯರೊಬ್ಬರ ಹೆಸರಿಗೆ ಮಾಡಿಸುವುದೇ ಮೇಲು. ಹಿರಿಯರು ಬದುಕಿರುವಾಗಲೇ ವರ್ಗಾಯಿಸಲೂ ಅವಕಾಶವಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆ ಕೋವಿಯನ್ನು 25 ವರ್ಷ ಹೊಂದಿದ್ದಾಗ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರಿಗೆ ಪರವಾನಗಿ ಕೊಡುವಂತೆ ಕೇಳಬಹುದು.

ಕೊಡಗಿನವರಿಗೆ ಒಂದು ಮಾತು

ಕೋವಿ ಇಟ್ಟುಕೊಳ್ಳುವ ವಿಷಯದಲ್ಲಿ 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಇಂದಿಗೂ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿ ಹಿಡುವಳಿದಾರರಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಈ ವಿನಾಯಿತಿ ಇರುವುದು ಪರವಾನಗಿಯ ವಿಷಯದಲ್ಲಿ. ಇದನ್ನು ಎಳೆಯರ ಕೈಗೆ ಕೋವಿ ಕೊಡುವ ಅನುಮತಿಯೆಂದು ಓದಿಕೊಳ್ಳುವುದು ಜಾಣತನವಲ್ಲ. ಕೈಲ್ ಮುಹೂರ್ತದಂದು ಮನೆಯ ಮಕ್ಕಳೆಲ್ಲ ಕೋವಿಗೆ ಹೂವಿಟ್ಟು ಪೂಜಿಸುವುದು ಬೇರೆ, ಖರೀದಿಯ ಕಾಗದದಲ್ಲಿ ಅವರ ಹೆಸರು ಬರುವುದು ಬೇರೆ.

ಕೊನೆಯದಾಗಿ, ಸಂಗ್ರಾಹಕರು ಗಮನಿಸಬೇಕಾದ ಇನ್ನೊಂದು ಕಾನೂನಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಮಹತ್ವದ ವಸ್ತು 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಬರಬಹುದು. ಆಗ ಅದರ ವ್ಯಾಪಾರಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹೊರದೇಶದಲ್ಲಿ ನೆಲೆಸಿರುವ ಮಗಳು ಅಜ್ಜನ ನೆನಪಿಗೆಂದು ಕೋವಿಯನ್ನು ಕೇಳಿದರೆ, ಅವಳಿಗೆ ವಯಸ್ಸು ಎಷ್ಟೇ ಆಗಿದ್ದರೂ, ಪೆಟ್ಟಿಗೆಯಲ್ಲಿಟ್ಟು ಕಳಿಸಲು ಬರುವುದಿಲ್ಲ.